ಎದೆನೋವು ಬಂದಾಗ ಮನೆಯಲ್ಲಿ ಏನು ಮಾಡಬೇಕು? ಹಾರ್ಟ್ ಅಟ್ಯಾಕ್ ಬಗ್ಗೆ ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂದಿದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ. ಹಿಂದಿನ ರಾತ್ರಿ ಗೃಹಪ್ರವೇಶದ ಊಟ ಮಾಡಿ ಬಂದಿದ್ದರು. ಹೋಳಿಗೆ, ಬೋಂಡಾ ಜಾಸ್ತಿ ಆಯ್ತು, ಗ್ಯಾಸ್ ತುಂಬಿದೆ ಅಂದರು. ದೊಡ್ಡಮ್ಮ ಓಮದ ಕಷಾಯ ಮಾಡಿಕೊಟ್ಟರು. ಐದು ಗಂಟೆಗೆ ಸೋಡಾ ಕುಡಿಸಿದರು. ಆರು ಗಂಟೆಗೆ ಬೆನ್ನಿಗೆ ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು. ಏಳೂವರೆಗೆ ಹಿರಿಮಗ ಬೈಕಿನ ಹಿಂದೆ ಕೂರಿಸಿಕೊಂಡು ಹತ್ತಿರದ ಕ್ಲಿನಿಕ್‌ಗೆ ಹೋದ. ಅಲ್ಲಿ ಇ.ಸಿ.ಜಿ. ಮಾಡುವ ವ್ಯವಸ್ಥೆ ಇರಲಿಲ್ಲ. ಆಸಿಡಿಟಿಗೆ ಇಂಜೆಕ್ಷನ್ ಕೊಟ್ಟು ಕಳಿಸಿದರು. ಕೊನೆಗೆ ದೊಡ್ಡ ಆಸ್ಪತ್ರೆ ಸೇರಿದಾಗ ಹನ್ನೊಂದು ಗಂಟೆ.

ಜೀವ ಉಳಿಯಿತು. ಆದರೆ ಹೃದಯದ ಪಂಪಿಂಗ್, ಅಂದರೆ ಒಂದು ಬಡಿತಕ್ಕೆ ಅದು ತನ್ನೊಳಗಿನ ರಕ್ತದಲ್ಲಿ ಹೊರಗೆ ತಳ್ಳುವ ಪಾಲು, ಶೇ. 30ಕ್ಕೆ ಇಳಿದಿತ್ತು. ಆರೋಗ್ಯವಾಗಿರುವವರಲ್ಲಿ ಅದು ಶೇ. 55ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ದಿನವಿಡೀ ತೋಟದಲ್ಲಿ ಓಡಾಡುತ್ತಿದ್ದ ಮನುಷ್ಯ ಈಗ ಹಿತ್ತಿಲಿಗೆ ಹೋಗಿ ಬಂದರೂ ಸ್ವಲ್ಪ ಹೊತ್ತು ಕೂರಬೇಕು.

ಆ ಮನೆಯಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ. ಎಲ್ಲರೂ ಎದ್ದಿದ್ದರು, ಎಲ್ಲರೂ ಏನಾದರೊಂದು ಮಾಡುತ್ತಲೇ ಇದ್ದರು. ಆದರೆ 'ಇದು ಗ್ಯಾಸೋ ಅಲ್ಲವೋ' ಎಂಬ ಚರ್ಚೆಯಲ್ಲೇ ಮೂರೂವರೆ ಗಂಟೆ ಹೋಯಿತು. ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಚರ್ಚೆಯನ್ನು ನಡುರಾತ್ರಿ ಮಾಡಬೇಡಿ. ಇವತ್ತೇ, ಎಲ್ಲರೂ ಚೆನ್ನಾಗಿರುವಾಗಲೇ ಮಾಡಿ ಮುಗಿಸಿ.

ಒಳಗೆ ಆಗುವುದೇನು?

ಹೃದಯ ಮೈಗೆಲ್ಲ ರಕ್ತ ಕಳಿಸುತ್ತದೆ. ಅದರ ಸ್ವಂತ ಮಾಂಸಖಂಡಕ್ಕೂ ರಕ್ತ ಬೇಕು. ಅದನ್ನು ತರುವ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿಕೊಳ್ಳುತ್ತದೆ. ಒಂದು ದಿನ ಆ ಕೊಬ್ಬಿನ ಗಡ್ಡೆಯ ಮೇಲ್ಪದರ ಬಿರುಕು ಬಿಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇದೇ ಹಾರ್ಟ್ ಅಟ್ಯಾಕ್. ಅರ್ಧಕ್ಕಿಂತ ಕಡಿಮೆ ಇರುವ ಬ್ಲಾಕ್ ಕೂಡ ಹೀಗೆ ಬಿರುಕು ಬಿಡಬಹುದು. 'ಹೋದ ತಿಂಗಳು ಟಿ.ಎಂ.ಟಿ. (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ) ನಾರ್ಮಲ್ ಇತ್ತು' ಎಂದವರಿಗೂ ಅಟ್ಯಾಕ್ ಆಗುವುದು ಇದಕ್ಕೇ.

ದಾರಿ ಮುಚ್ಚಿದ ಕ್ಷಣದಿಂದ ಅದರಾಚೆಯ ಮಾಂಸಖಂಡ ಸಾಯಲು ಶುರುವಾಗುತ್ತದೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ. ಎಷ್ಟು ಬೇಗ ದಾರಿ ತೆರೆಯುತ್ತದೋ ಅಷ್ಟು ಹೃದಯ ಉಳಿಯುತ್ತದೆ. ಮೊದಲ ಒಂದು ಗಂಟೆಯನ್ನು ಗೋಲ್ಡನ್ ಅವರ್ ಎನ್ನುವುದು ಇದಕ್ಕಾಗಿ.

ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್ ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ನಿಮ್ಮ ತೋಟದ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಪೈಪು ಕಟ್ಟಿಕೊಂಡರೆ ಅದು ಹಾರ್ಟ್ ಅಟ್ಯಾಕ್. ಕರೆಂಟ್ ಕೆಟ್ಟು ಮೋಟಾರೇ ನಿಂತರೆ ಕಾರ್ಡಿಯಾಕ್ ಅರೆಸ್ಟ್. ಅಟ್ಯಾಕ್ ಆದವರು ಮಾತಾಡುತ್ತಿರುತ್ತಾರೆ, ನಡೆಯಲೂಬಹುದು. ಅರೆಸ್ಟ್ ಆದವರು ಕುಸಿದು ಬೀಳುತ್ತಾರೆ. ಮೊದಲನೆಯದು ಎರಡನೆಯದಕ್ಕೆ ತಿರುಗಲು ಒಂದು ನಿಮಿಷವೂ ಬೇಡ.

ಹಂತ 1: ಇವತ್ತೇ ಒಂದು ಹಾಳೆ ಬರೆದು ಅಂಟಿಸಿ

ಹತ್ತು ನಿಮಿಷದ ಕೆಲಸ. ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೋ ಬಾಗಿಲ ಹಿಂದೋ ಅಂಟಿಸಿ. ಅದರಲ್ಲಿ ಇರಬೇಕಾದದ್ದು:

- ಆಂಬುಲೆನ್ಸ್: 108. ಮನೆ ಗುರುತು ಹೇಳುವ ಒಂದು ಸಾಲು ('ಅರಳಿಕಟ್ಟೆ ಎದುರು, ಹಸಿರು ಗೇಟು').
- ರಾತ್ರಿಯೂ ಇ.ಸಿ.ಜಿ. ಮಾಡುವ, ಅತಿ ಹತ್ತಿರದ ಆಸ್ಪತ್ರೆ ಯಾವುದು?
- ಆಂಜಿಯೋಪ್ಲಾಸ್ಟಿ (ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದು) ಮಾಡುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ?
- ರಾತ್ರಿ ಎಬ್ಬಿಸಿದರೂ ಕಾರು ತರುವ ಇಬ್ಬರ ಫೋನ್ ನಂಬರ್.
- ಮನೆಯ ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳು, ಯಾವ ಮಾತ್ರೆ ಒಗ್ಗುವುದಿಲ್ಲ ಎಂಬುದು.

ಎರಡನೆಯ ಸಾಲಿಗೆ ಉತ್ತರ ಹುಡುಕಲು ಒಂದು ಸಲ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ ಬನ್ನಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಇದೆ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಅವರಿಗೆ 46 ವರ್ಷ. ದಿನಾ ಮೈ ದಂಡಿಸುತ್ತಿದ್ದವರು. ಆ ದಿನ ರಾಜ್ಯವೇ ಅತ್ತಿತು. ಎರಡು ವರ್ಷದ ನಂತರ, 2023ರಲ್ಲಿ ಈ ಯೋಜನೆ ಶುರುವಾಯಿತು. ಎದೆನೋವು ಎಂದು ಬಂದವರಿಗೆ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆಯುತ್ತಾರೆ. ಅದು ಕಂಪ್ಯೂಟರ್ ಮೂಲಕ ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ಹೋಗುತ್ತದೆ. ಅಟ್ಯಾಕ್ ಎಂದು ಖಚಿತವಾದರೆ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ಆಯ್ದ ಆಸ್ಪತ್ರೆಗಳಲ್ಲಿ ಮೊದಲು ಬಂದದ್ದು ಆಮೇಲೆ ಇನ್ನಷ್ಟು ತಾಲ್ಲೂಕುಗಳಿಗೂ ಹರಡಿತು. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ, ರಾತ್ರಿ ಹೊತ್ತೂ ಸಿಗುತ್ತದಾ ಎಂದು ಕೇಳಿ ಹಾಳೆಯಲ್ಲಿ ಬರೆಯಿರಿ.

ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಒಂದು ಕವರಿನಲ್ಲಿ ಹಾಕಿ ಅದೇ ಹಾಳೆಯ ಹತ್ತಿರ ಇಟ್ಟಿರಿ.

ಹಂತ 2: ಲಕ್ಷಣ ಗುರುತಿಸಿ

ಸಿನಿಮಾದಲ್ಲಿ ಎದೆ ಹಿಡಿದುಕೊಂಡು ಬೀಳುವ ಹಾಗೆ ಇದು ಬರಬೇಕಾಗಿಲ್ಲ. ಬಹಳ ಜನ 'ನೋವು' ಎಂದೇ ಹೇಳುವುದಿಲ್ಲ. ಎದೆ ಮೇಲೆ ಕಲ್ಲು ಇಟ್ಟ ಹಾಗಿದೆ, ಯಾರೋ ಹಿಸುಕಿದ ಹಾಗಿದೆ, ಎದೆ ಬಿಗಿದ ಹಾಗಿದೆ, ಏನೋ ಒಂಥರಾ ಆಗ್ತಿದೆ ಅನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಒಂದು ಬೆರಳು ಇಟ್ಟು ತೋರಿಸುವುದಿಲ್ಲ. ಅಂಗೈ ಅಗಲ ಮಾಡಿ ಎದೆಯ ನಡುವೆ ಇಡುತ್ತಾರೆ. ಆ ಸಂಕಟ ಎಡಗೈಗೆ, ಕೆಲವೊಮ್ಮೆ ಎರಡೂ ಕೈಗೆ, ಭುಜಕ್ಕೆ, ಕತ್ತಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಹೊಟ್ಟೆಯ ಮೇಲ್ಭಾಗದಲ್ಲೇ ನಿಲ್ಲಲೂಬಹುದು. ಗ್ಯಾಸ್ ಎಂದು ಮೋಸ ಹೋಗುವುದು ಇಲ್ಲೇ.

ಜೊತೆಗೆ ತಣ್ಣನೆಯ ಬೆವರು ಬಂದರೆ ಬಹಳ ಎಚ್ಚರ. ದೊಡ್ಡಪ್ಪನ ಬನಿಯನ್ ಚಳಿಗಾಲದ ಬೆಳಗಿನ ಜಾವದಲ್ಲಿ ಒದ್ದೆಯಾಗಿತ್ತು. ದೊಡ್ಡಮ್ಮ ಅದನ್ನು ಬದಲಾಯಿಸಿಕೊಟ್ಟಿದ್ದರು. ಬೆವರಿಗೆ ಕಾರಣ ಏನಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಏದುಸಿರು, ವಾಂತಿ ಬಂದ ಹಾಗಾಗುವುದು, ತಲೆ ಸುತ್ತು, 'ನನಗೇನೋ ಆಗಿಬಿಡುತ್ತೆ' ಎಂಬ ಭಯ, ಇವೂ ಲಕ್ಷಣಗಳೇ.

ಹೆಂಗಸರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅವರಿಗೂ ಎದೆಯ ಸಂಕಟವೇ ಮುಖ್ಯ ಲಕ್ಷಣ. ಆದರೆ ಎಷ್ಟೋ ಸಲ ಎದ್ದು ಕಾಣುವುದು ವಿಪರೀತ ಸುಸ್ತು, ಉಸಿರಾಟದ ಕಷ್ಟ, ಬೆನ್ನು ಅಥವಾ ದವಡೆ ನೋವು, ಓಕರಿಕೆ. ಅದರ ಮೇಲೆ, ನಮ್ಮ ಮನೆಗಳಲ್ಲಿ ಅಮ್ಮ ಸುಸ್ತು ಅಂದರೆ 'ಕೆಲಸ ಜಾಸ್ತಿ ಆಗಿದೆ, ಸ್ವಲ್ಪ ಮಲಗು' ಅನ್ನುತ್ತೇವೆ, ಅಲ್ವಾ? ಅವರೂ 'ಬೆಳಗ್ಗೆ ನೋಡೋಣ ಬಿಡು' ಅನ್ನುತ್ತಾರೆ. ಹೀಗೆ ಹೆಂಗಸರು ಆಸ್ಪತ್ರೆಗೆ ತಡವಾಗಿ ಸೇರುತ್ತಾರೆ. ಶುಗರ್ ಇರುವವರಿಗೆ ಮತ್ತು ವಯಸ್ಸಾದವರಿಗೆ ನೋವೇ ಇಲ್ಲದೆ ಅಟ್ಯಾಕ್ ಆಗಬಹುದು. ಶುಗರ್ ಇರುವವರಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಬೆವರು ಬಂದರೆ ಎದೆನೋವಿಗೆ ಕಾಯಬೇಡಿ.

ಇನ್ನೊಂದು ಮುನ್ಸೂಚನೆಯೂ ಇದೆ. ದಿಣ್ಣೆ ಹತ್ತುವಾಗ, ಊಟವಾದ ಮೇಲೆ ನಡೆಯುವಾಗ ಎದೆ ಬಿಗಿಯುತ್ತದೆ, ನಿಂತರೆ ಎರಡು ಮೂರು ನಿಮಿಷದಲ್ಲಿ ಹೋಗುತ್ತದೆ. ಇದು ಆಂಜೈನಾ. ಇದು ಕಂಡರೆ ಆ ವಾರವೇ ಹೃದಯದ ಡಾಕ್ಟರನ್ನು ನೋಡಿ. ಕೂತಾಗಲೂ ಬರತೊಡಗಿದರೆ, ಅಥವಾ ದಿನದಿನಕ್ಕೆ ಹೆಚ್ಚಾಗುತ್ತಿದ್ದರೆ ಅವತ್ತೇ ಹೋಗಿ.

ಹಾಗಾದರೆ ಗ್ಯಾಸ್ ಅಲ್ಲ ಎಂದು ತಿಳಿಯುವುದು ಹೇಗೆ? ಮನೆಯಲ್ಲಿ ತಿಳಿಯುವುದಕ್ಕೆ ಆಗುವುದಿಲ್ಲ. ತೇಗು ಬಂದು ಸ್ವಲ್ಪ ಹಗುರಾಯಿತು ಎಂಬುದು ಪುರಾವೆಯಲ್ಲ. ಅದಕ್ಕೆ ಆಸ್ಪತ್ರೆಯ ಇ.ಸಿ.ಜಿ., ರಕ್ತಪರೀಕ್ಷೆಯೇ ಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ: ಹೊಕ್ಕಳಿಂದ ದವಡೆಯವರೆಗೆ ಎಲ್ಲೇ ಹೊಸ ಸಂಕಟ ಬಂದು, ಸುಮ್ಮನೆ ಕೂತರೂ ಐದು ನಿಮಿಷದಲ್ಲಿ ಹೋಗದಿದ್ದರೆ 108. ಬೆವರೋ ಏದುಸಿರೋ ಜೊತೆಗಿದ್ದರೆ ಐದು ನಿಮಿಷವನ್ನೂ ಕಾಯುವುದಿಲ್ಲ. ಪರೀಕ್ಷೆ ಮಾಡಿಸಿ ಗ್ಯಾಸ್ ಎಂದೇ ಗೊತ್ತಾದರೆ ಸಂತೋಷವಾಗಿ ಮನೆಗೆ ಬರೋಣ. ಅದರಲ್ಲಿ ನಾಚಿಕೆ ಏನಿದೆ?

ಹಂತ 3: ಮೊದಲ ಹದಿನೈದು ನಿಮಿಷ

ಅವರನ್ನು ಇದ್ದಲ್ಲೇ ಕೂರಿಸಿ. ಬೆನ್ನಿಗೆ ಗೋಡೆ ಅಥವಾ ದಿಂಬು, ಮಂಡಿ ಸ್ವಲ್ಪ ಮಡಚಿರಲಿ. ಬಿಗಿ ಬಟ್ಟೆ ಸಡಿಲ ಮಾಡಿ. ಮೆಟ್ಟಿಲು ಹತ್ತಿಸಬೇಡಿ, ಸ್ನಾನಕ್ಕೆ, ಬಟ್ಟೆ ಬದಲಿಸಲು ಕಳಿಸಬೇಡಿ. 108ಕ್ಕೆ ಫೋನ್ ಮಾಡಿ 'ಎದೆನೋವು, ಬೆವರುತ್ತಿದ್ದಾರೆ' ಎಂದು ಮೊದಲೇ ಹೇಳಿ. ಒಬ್ಬರು ರಸ್ತೆಗೆ ಹೋಗಿ ನಿಲ್ಲಲಿ.

ಆಮೇಲೆ ಆಸ್ಪಿರಿನ್. 300 ಅಥವಾ 325 ಮಿಲಿಗ್ರಾಂ, ನುಂಗದೆ ಅಗಿಯಬೇಕು. ಮನೆಯಲ್ಲಿ 75ರ ಮಾತ್ರೆ ಇದ್ದರೆ ನಾಲ್ಕು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ, ಹೆಪ್ಪು ದೊಡ್ಡದಾಗುವುದನ್ನು ತಡೆಯುತ್ತದೆ. ಆದರೆ ಆಸ್ಪಿರಿನ್ ಅಲರ್ಜಿ ಇರುವವರಿಗೆ, ಹೊಟ್ಟೆ ಹುಣ್ಣಿನಿಂದ ರಕ್ತ ಹೋಗುತ್ತಿರುವವರಿಗೆ ಕೊಡಬಾರದು. ಬಾಯಿ ಸೊಟ್ಟಗಾಗಿ, ಒಂದು ಕಡೆ ಕೈಕಾಲು ಬಿದ್ದುಹೋಗಿದ್ದರೂ ಬೇಡ, ಅದು ಲಕ್ವ. ನಿಮ್ಮ ಹಿರಿಯರಿಗೆ ಆಸ್ಪಿರಿನ್ ಕೊಡಬಹುದಾ ಎಂದು ಮನೆ ಡಾಕ್ಟರನ್ನು ಈಗಲೇ ಕೇಳಿ ಹಾಳೆಯಲ್ಲಿ ಬರೆದಿಡಿ. ಅನುಮಾನ ಇದ್ದರೆ ಕೊಡದೆ ಹೊರಡಿ. ಹೊರಡುವುದು ಮಾತ್ರೆಗಿಂತ ಮುಖ್ಯ.

ನಾಲಿಗೆ ಕೆಳಗೆ ಇಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು, ಡಾಕ್ಟರು ಅವರಿಗೇ ಬರೆದುಕೊಟ್ಟಿದ್ದರೆ ಮಾತ್ರ ಕೊಡಿ. ಪಕ್ಕದ ಮನೆಯವರ ಪೆಟ್ಟಿಗೆಯಿಂದ ತಂದುಕೊಡಬೇಡಿ. ಬಿ.ಪಿ. ಕಡಿಮೆ ಇದ್ದರೆ ಅದು ಇನ್ನೂ ಕುಸಿಯುತ್ತದೆ. ಲೈಂಗಿಕ ಶಕ್ತಿಗಾಗಿ ಸಿಲ್ಡೆನಾಫಿಲ್ ಥರದ ಮಾತ್ರೆ ತೆಗೆದುಕೊಂಡಿದ್ದರಂತೂ ಅದು ಅಪಾಯ. ಈ ಮಾತನ್ನು ಡಾಕ್ಟರ ಹತ್ತಿರ ಮುಚ್ಚಿಡಬಾರದು.

ಆಂಬುಲೆನ್ಸ್ ಬರುವುದು ತಡ ಎಂದು ಗೊತ್ತಾದರೆ ಕಾರು ಅಥವಾ ಆಟೋ. ಬೈಕಿನ ಹಿಂದೆ ಬೇಡ. ಮಧ್ಯದಲ್ಲಿ ಪ್ರಜ್ಞೆ ತಪ್ಪಿದರೆ ಇಬ್ಬರೂ ಬೀಳುತ್ತೀರಿ. ನೋವಿರುವವರು ತಾವೇ ಗಾಡಿ ಓಡಿಸಬಾರದು.

ಜೋರಾಗಿ ಕೆಮ್ಮಿದರೆ ಅಟ್ಯಾಕ್ ನಿಲ್ಲುತ್ತದೆ, ಬೆರಳ ತುದಿಗೆ ಸೂಜಿ ಚುಚ್ಚಿದರೆ ಸರಿಹೋಗುತ್ತದೆ ಎಂಬ ಮೆಸೇಜುಗಳು ಬರುತ್ತಲೇ ಇರುತ್ತವೆ. ಎರಡೂ ಸುಳ್ಳು. ಅವು ತಿನ್ನುವುದು ಸಮಯವನ್ನು.

ಹಂತ 4: ಕುಸಿದು ಬಿದ್ದರೆ ಸಿ.ಪಿ.ಆರ್. (ಎದೆ ಒತ್ತಿ ರಕ್ತ ಹರಿಸುವುದು)

ಭುಜ ತಟ್ಟಿ ಜೋರಾಗಿ ಕರೆಯಿರಿ. ಉತ್ತರ ಇಲ್ಲ, ಉಸಿರಾಟ ಇಲ್ಲ, ಅಥವಾ ಮೀನು ನೀರಿಂದ ಹೊರಗೆ ಬಂದಾಗ ಬಾಯಿ ತೆರೆಯುವ ಹಾಗೆ ಆಗೊಮ್ಮೆ ಈಗೊಮ್ಮೆ ಏದುತ್ತಿದ್ದಾರೆ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಆ ಏದುವುದನ್ನು ಉಸಿರಾಟ ಅಂದುಕೊಂಡು ಕಾಯಬೇಡಿ. ಬಾಯಿಗೆ ನೀರು ಹಾಕಬೇಡಿ. 108 ಫೋನ್ ಸ್ಪೀಕರಿನಲ್ಲಿರಲಿ.

ಮಂಚದ ಮೇಲೆ ಸಿ.ಪಿ.ಆರ್. ಮಾಡಿದರೆ ಹಾಸಿಗೆ ಕುಗ್ಗುತ್ತದೆ, ಎದೆ ಕುಗ್ಗುವುದಿಲ್ಲ. ನೆಲಕ್ಕೆ ಇಳಿಸಿ ಅಂಗಾತ ಮಲಗಿಸಿ. ಪಕ್ಕದಲ್ಲಿ ಮಂಡಿಯೂರಿ. ಒಂದು ಅಂಗೈಯ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲೆ, ನಡುಮಧ್ಯೆ ಇಡಿ. ಇನ್ನೊಂದು ಕೈ ಅದರ ಮೇಲೆ. ಮೊಣಕೈ ಮಡಚದೆ, ನಿಮ್ಮ ಮೈಭಾರ ಬಿಟ್ಟು ಒತ್ತಿ. ಆಳ 5ರಿಂದ 6 ಸೆಂಟಿಮೀಟರ್, ಅಂದರೆ ಎರಡು ಇಂಚು. ವೇಗ ನಿಮಿಷಕ್ಕೆ 100ರಿಂದ 120, ಸೆಕೆಂಡಿಗೆ ಸುಮಾರು ಎರಡು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ತರಬೇತಿ ಇಲ್ಲದವರು ಬಾಯಿಗೆ ಬಾಯಿ ಇಟ್ಟು ಊದುವ ಅಗತ್ಯ ಇಲ್ಲ, ಒತ್ತುತ್ತಾ ಹೋದರೆ ಸಾಕು. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಬಿಟ್ಟುಕೊಡಿ, ಏಕೆಂದರೆ ತೋಳು ಸೋತರೆ ಆಳ ಕಡಿಮೆಯಾಗುತ್ತದೆ. ಆಂಬುಲೆನ್ಸ್ ಬರುವವರೆಗೆ ಅಥವಾ ಅವರು ಅಲುಗಾಡುವವರೆಗೆ ನಿಲ್ಲಿಸಬೇಡಿ. ವಿಮಾನ ನಿಲ್ದಾಣ, ಮಾಲ್‌ಗಳಂಥ ಕಡೆ ಎ.ಇ.ಡಿ. ಎಂಬ ಶಾಕ್ ಕೊಡುವ ಪೆಟ್ಟಿಗೆ ಇದ್ದರೆ ತರಿಸಿ. ಏನು ಮಾಡಬೇಕೆಂದು ಆ ಯಂತ್ರವೇ ಹೇಳುತ್ತದೆ.

ಪಕ್ಕೆಲುಬು ಮುರಿದರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ. ಏನೂ ಮಾಡದೆ ನಿಂತರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಓದಿ ಕಲಿಯುವುದಕ್ಕಿಂತ ಒಂದು ತರಬೇತಿಗೆ ಹೋಗಿ ಕೈಯಾರೆ ಮಾಡಿ ನೋಡುವುದು ಮೇಲು.

ಹಂತ 5: ಆಸ್ಪತ್ರೆ ಬಾಗಿಲಲ್ಲಿ

ಬಾಗಿಲಲ್ಲೇ 'ಎದೆನೋವು, ಇಷ್ಟು ಗಂಟೆಗೆ ಶುರುವಾಯಿತು' ಅನ್ನಿ. 'ಗ್ಯಾಸ್ಟ್ರಿಕ್ ಇರಬೇಕು ಡಾಕ್ಟ್ರೇ' ಎಂದು ನೀವೇ ತೀರ್ಪು ಕೊಡಬೇಡಿ. ಒಳಗೆ ಬಂದ ಹತ್ತು ನಿಮಿಷದಲ್ಲಿ ಇ.ಸಿ.ಜಿ. ಆಗಬೇಕು ಎಂಬುದು ವೈದ್ಯರದೇ ನಿಯಮ. ಆಗದಿದ್ದರೆ ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ. ಮೊದಲ ಇ.ಸಿ.ಜಿ. ನಾರ್ಮಲ್ ಬಂದು ನೋವು ಮಾತ್ರ ಹೋಗದಿದ್ದರೆ ಮನೆಗೆ ಹೊರಡಬೇಡಿ. ಸ್ವಲ್ಪ ಹೊತ್ತಿಗೆ ಮತ್ತೊಂದು ಮಾಡಬೇಕಾಗುತ್ತದೆ. ಹೃದಯದ ಮಾಂಸಖಂಡಕ್ಕೆ ಪೆಟ್ಟಾದದ್ದನ್ನು ತೋರಿಸುವ ರಕ್ತದ ಟ್ರೋಪೋನಿನ್ ಪರೀಕ್ಷೆಯೂ ಶುರುವಿನಲ್ಲಿ ಸರಿಯಾಗಿಯೇ ಇದ್ದು, ಕೆಲವು ಗಂಟೆಯ ನಂತರ ಏರಬಹುದು.

ರಕ್ತನಾಳ ಪೂರ್ತಿ ಮುಚ್ಚಿದ ಅಟ್ಯಾಕ್ ಆಗಿದ್ದರೆ ಚಿಕಿತ್ಸೆಯ ದಾರಿ ಎರಡು. ಒಂದು, ನೇರವಾಗಿ ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕುವುದು. ಎರಡು ಗಂಟೆಯೊಳಗೆ ಸಾಧ್ಯವಾದರೆ ಇದೇ ಉತ್ತಮ. ಅಷ್ಟರಲ್ಲಿ ಆಗದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ನಮ್ಮಲ್ಲಿ ಆಗುವ ದೊಡ್ಡ ತಪ್ಪು ಇಲ್ಲಿದೆ. 'ತಾಲ್ಲೂಕು ಆಸ್ಪತ್ರೆ ಬೇಡ, ಸೀದಾ ಬೆಂಗಳೂರಿಗೆ ಹೋಗೋಣ' ಎಂದು ನಾಲ್ಕು ಗಂಟೆ ರಸ್ತೆಯಲ್ಲಿ ಕಳೆಯುತ್ತಾರೆ. ಇಂಜೆಕ್ಷನ್ ಸಿಗುವ ಆಸ್ಪತ್ರೆ ಹತ್ತಿರ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಮೊದಲ ಮೂರು ಗಂಟೆಯಲ್ಲಿ ಅದರ ಕೆಲಸ ಬಹಳ ಚೆನ್ನಾಗಿರುತ್ತದೆ, ಹನ್ನೆರಡು ಗಂಟೆಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಊರಿಂದ ಮಾವ ಬಂದು ನೋಡಲಿ, ಆಮೇಲೆ ಸಹಿ ಹಾಕೋಣ ಎಂದೂ ಕಾಯಬೇಡಿ. ಸಹಿ ಹಾಕುವವರು ಯಾರು ಎಂದು ಹಾಳೆಯಲ್ಲೇ ಬರೆದಿರಲಿ.

ಹಂತ 6: ಬರದ ಹಾಗೆ ನೋಡಿಕೊಳ್ಳುವುದು

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ಬಂತು. ಭಯಪಟ್ಟ ಜನ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಹರಡಿತು. 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಕಂಡದ್ದು ಬೇರೆ: ಮನೆಯಲ್ಲಿ ಹಿಂದೆ ಇಂಥ ಸಾವು ಆಗಿರುವುದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಿಗರೇಟು, ಸಾವಿಗೆ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿತ ಅಥವಾ ಮೈಮುರಿಯುವ ಕಸರತ್ತು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವೂ ಇಂಥದ್ದನ್ನೇ ಹೇಳಿತ್ತು. ತಂಬಾಕು, ಕೊಲೆಸ್ಟ್ರಾಲ್, ಬಿ.ಪಿ., ಶುಗರ್, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ ಸೇರಿ ಒಂಬತ್ತು ಕಾರಣಗಳೇ ಶೇ. 90ರಷ್ಟು ಅಟ್ಯಾಕ್‌ಗಳ ಹಿಂದೆ ಇದ್ದವು. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬರುವುದು ಉಳಿದವರಿಗಿಂತ ಐದಾರು ವರ್ಷ ಮುಂಚೆ ಎಂಬುದೂ ಅಲ್ಲಿ ಕಂಡಿತು.

ಹಾಗಾಗಿ ಮೂವತ್ತು ದಾಟಿದ ಎಲ್ಲರೂ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಬಿ.ಪಿ. ಪದೇ ಪದೇ 140/90 ಅಥವಾ ಮೇಲೆ ಇದ್ದರೆ ಚಿಕಿತ್ಸೆ ಬೇಕು. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ, 100ರಿಂದ 125 ಅದರ ಹೊಸ್ತಿಲು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್.ಡಿ.ಎಲ್., 100ರ ಕೆಳಗಿದ್ದರೆ ಒಳ್ಳೆಯದು. ಅಟ್ಯಾಕ್ ಆದವರಿಗೆ ಅದನ್ನು 70ಕ್ಕಿಂತಲೂ ಕೆಳಗೆ ತರುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೂ ಲೆಕ್ಕಕ್ಕೆ ಬರುತ್ತದೆ.

ತಂಬಾಕಿನಲ್ಲಿ 'ಸ್ವಲ್ಪ' ಎಂಬುದಿಲ್ಲ. ದಿನಕ್ಕೆ ಎರಡು ಬೀಡಿಯೂ ರಕ್ತನಾಳಕ್ಕೆ ಏಟೇ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಗುಟ್ಕಾ ಹಾಕುವವರು ತಾವು ಸೇದುವುದಿಲ್ಲ ಎಂದು ನೆಮ್ಮದಿಯಾಗಿರಬೇಡಿ. ಇವತ್ತು ಸಿಗರೇಟು ಬಿಟ್ಟರೆ ಒಂದು ವರ್ಷದಲ್ಲಿ ಹೃದಯದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇದಕ್ಕಿಂತ ಒಳ್ಳೆಯ ಔಷಧಿ ನನಗೆ ಗೊತ್ತಿಲ್ಲ.

ಊಟದಲ್ಲಿ ಮೊದಲು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ. ಸಾರಿಗೆ ಹಾಕುವುದು ಮಾತ್ರ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಬೇಕರಿ ಖಾರ ಎಲ್ಲ ಸೇರಿ. ಮೊಸರನ್ನಕ್ಕೆ ಉಪ್ಪಿನಕಾಯಿ ಇಲ್ಲದೆ ಹೇಗೆ ಎಂದು ಅನ್ನಿಸುವುದು ನಿಜ. ಮೂರು ನಾಲ್ಕು ವಾರ ತಡೆದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಎಣ್ಣೆ ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರ್ ಎಂದು ಲೆಕ್ಕ ಇಟ್ಟು ತನ್ನಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯಬೇಡಿ. ರಾಗಿ ಮುದ್ದೆ, ಜೋಳದ ರೊಟ್ಟಿ, ಬಸ್ಸಾರು, ಹುರುಳಿಕಾಳು, ಸೊಪ್ಪಿನ ಪಲ್ಯ, ಕರಾವಳಿಯವರಿಗೆ ಮೀನು, ಇವೆಲ್ಲ ಒಳ್ಳೆಯವೇ. ಆದರೆ ಮುದ್ದೆ ಎಷ್ಟು ದೊಡ್ಡದು ಎಂಬುದೂ ಮುಖ್ಯ. ಹೊಲದಲ್ಲಿ ಗೇಯುತ್ತಿದ್ದ ಅಜ್ಜನ ಮುದ್ದೆ, ಆಫೀಸಿನಲ್ಲಿ ಕೂರುವ ಮೊಮ್ಮಗನಿಗೆ ಜಾಸ್ತಿಯೇ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ. ನಲವತ್ತು ದಾಟಿದ ಮೇಲೆ ಹೊಸದಾಗಿ ಜಿಮ್‌ಗೆ ಸೇರುವವರು ಮೊದಲು ಡಾಕ್ಟರನ್ನು ಕಾಣಿ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದೇ ಮಾತು: ಮಾತ್ರೆ ನಿಲ್ಲಿಸಬೇಡಿ. ಹುಷಾರಾದೆ ಎಂದು, ಹಲ್ಲು ಕೀಳಿಸಬೇಕೆಂದು, ಯಾರೋ ನಾಟಿ ಔಷಧಿ ಕೊಟ್ಟರೆಂದು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ನಿಲ್ಲಿಸುವ ಮಾತು ಹೃದಯದ ಡಾಕ್ಟರಿಂದಲೇ ಬರಬೇಕು.

ಕೊನೆಯದಾಗಿ, ಮನೆಯವರ ತಪಾಸಣೆ. ಅಪ್ಪ, ಅಣ್ಣ, ತಮ್ಮನಿಗೆ 55ರೊಳಗೆ, ಅಮ್ಮ, ಅಕ್ಕ, ತಂಗಿಗೆ 65ರೊಳಗೆ ಅಟ್ಯಾಕ್ ಆಗಿದ್ದರೆ ನಿಮ್ಮ ಅಪಾಯ ಹೆಚ್ಚು. ಜೀವನದಲ್ಲಿ ಒಂದು ಸಲ ಲೈಪೋಪ್ರೋಟೀನ್ ಎ ಎಂಬ ರಕ್ತಪರೀಕ್ಷೆಯನ್ನೂ ಕೇಳಿ ಮಾಡಿಸಿ. ಇದು ವಂಶದಲ್ಲಿ ಬರುವಂಥದ್ದು, ಮಾಮೂಲಿ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ದೊಡ್ಡಪ್ಪನನ್ನು ಆಸ್ಪತ್ರೆಯಿಂದ ಕರೆತಂದ ವಾರ ನಾವು ಅಣ್ಣತಮ್ಮಂದಿರೆಲ್ಲ ಹೋಗಿ ತೋರಿಸಿಕೊಂಡೆವು. ಅವತ್ತು ಬೈಕ್ ಓಡಿಸಿದ ಹಿರಿಮಗನಿಗೆ 36 ವರ್ಷ. ಅವನ ಬಿ.ಪಿ. 160/100 ಇತ್ತು. ತಲೆನೋವೂ ಇರಲಿಲ್ಲ, ಸುಸ್ತೂ ಇರಲಿಲ್ಲ. ಈಗ ದಿನಾ ಬೆಳಗ್ಗೆ ಅಪ್ಪ ಮಗ ಇಬ್ಬರೂ ಒಟ್ಟಿಗೆ ಕೂತು ಮಾತ್ರೆ ತೆಗೆದುಕೊಳ್ಳುತ್ತಾರೆ. ದೊಡ್ಡಮ್ಮ ನೀರು ತಂದುಕೊಟ್ಟು, ಇಬ್ಬರೂ ನುಂಗುವವರೆಗೆ ಅಲ್ಲೇ ನಿಂತಿರುತ್ತಾರೆ.